ತಿಮೋರಿಗೆ ಏಳು ಮಂದಿ

"ಇದು ಆಫ್ರಿಕಾದಾಗ ಬರ್ತೈತೇನ್ರಿ ಅಕ್ಕಾರ?"

ವಿಜಯಮಹಾಂತೇಶ ಕೇಳಿದ ಈ ಪ್ರಶ್ನೆಯನ್ನು ಆರಿಫಾ ಆ ವಾರದಲ್ಲಿ ನಾಲ್ಕನೆಯ ಸಲ ಕೇಳುತ್ತಿದ್ದಳು. ಇಳಕಲ್ಲಿನಲ್ಲಿ ಅವನ ಸೀರೆ ಅಂಗಡಿಯ ಮಾಳಿಗೆ ಮೇಲೆ ಹತ್ತು ಹನ್ನೆರಡು ವ್ಯಾಪಾರಸ್ಥರು ಗಾದಿಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಬಾದಾಮಿಯಿಂದ ಬಸ್ಸಿನಲ್ಲಿ ಸುರುಳಿ ಸುತ್ತಿ ತಂದ ನಕ್ಷೆಯನ್ನು ಅವಳು ಗೋಡೆಗೆ ಅಂಟಿಸಿದ್ದಳು. ಅದರ ಒಂದು ಮೂಲೆ ಆಗಲೇ ಬಿಚ್ಚಿಕೊಂಡು ಫ್ಯಾನಿನ ಗಾಳಿಗೆ ಪಟಪಟ ಬಡಿಯುತ್ತಿತ್ತು.

"ಆಫ್ರಿಕಾ ಅಲ್ರಿ. ಇಂಡೋನೇಷ್ಯಾದ ಮಗ್ಗಲಕ್ಕ. ತಿಮೋರ್ ಲೆಸ್ತೆ ಅಂತ. ಬಾಲಿಯೊಳಗ ವಿಮಾನ ಹತ್ತಿದ್ರ ಎರಡು ತಾಸೂ ಹಿಡಿಯಂಗಿಲ್ಲ."

"ಹಂಗಾದ್ರ ಬಾಲಿಗೇ ಹೋದ್ರಾತಲ್ಲ," ಎಂದ ಒಬ್ಬ. ಉಳಿದವರು ನಕ್ಕರು.

"ಅಲ್ಲೇನೈತ್ರಿ ನೋಡೂದು?" ಎಂದು ಇನ್ನೊಬ್ಬರು ಕೇಳಿದರು.

ಆರಿಫಾ ಹೇಳಿದಳು. ನೀರೊಳಗೆ ಬಗ್ಗಿದರೆ ಹವಳ ಕಾಣುವ ಸಮುದ್ರ. ಬೆಳಗಿನ ಜಾವ ಹತ್ತಿದರೆ ದ್ವೀಪದ ಎರಡೂ ಕಡೆಯ ನೀರು ಕಾಣುವ ಗುಡ್ಡ. ನೆರಳಲ್ಲಿ ಬೆಳೆದ ಕಾಫಿ. ಇಡೀ ದೇಶ ನಮ್ಮ ಬಾಗಲಕೋಟೆ ಜಿಲ್ಲೆಯಂಥ ಎರಡು ಜಿಲ್ಲೆ ಕೂಡಿಸಿ ಒಂದಿಷ್ಟು ಹೆಚ್ಚು, ಮಂದಿ ಮಾತ್ರ ನಮ್ಮ ಜಿಲ್ಲೆಗಿಂತ ಕಡಿಮೆ. ಸ್ವತಂತ್ರ ಆಗಿದ್ದೇ ಎರಡು ಸಾವಿರದ ಎರಡರಲ್ಲಿ. ಹೇಳುತ್ತ ಹೇಳುತ್ತ ಅವಳಿಗೇ ತನ್ನ ಮಾತು ಸಾಲೆಯ ಪಾಠದ ಹಾಗೆ ಕೇಳಿಸತೊಡಗಿತು.

"ಸಮುದ್ರ ಗೋಕರ್ಣದಾಗೂ ಐತಿ, ಕಾಫಿ ಚಿಕ್ಕಮಗಳೂರಾಗೂ ಐತಿ," ಎಂದು ಒಬ್ಬ ಹಿರಿಯರು ಕಪ್ಪು ಕೆಳಗಿಟ್ಟು ಎದ್ದರು. ಅವರ ಹಿಂದೆ ಇನ್ನೂ ನಾಲ್ವರು ಎದ್ದರು.

ನಲವತ್ತಮೂರು ವರ್ಷದ ಆರಿಫಾಳದು ಬಾದಾಮಿ ಬಸ್ ನಿಲ್ದಾಣದ ಸಮೀಪ ಒಂದೇ ಖೋಲಿಯ ಪ್ರವಾಸದ ಆಫೀಸು. ಹದಿನಾರು ವರ್ಷದಿಂದ ನಡೆಸುತ್ತಿದ್ದಳು. ಮೆಕ್ಕಾದ ಉಮ್ರಾ ಯಾತ್ರೆ, ಅಜ್ಮೇರ, ಕಾಶಿ, ಈಚೀಚೆಗೆ ದುಬೈ, ಬಾಲಿ. ಮಂದಿ ಕೇಳಿದ ಊರಿಗೆ ಕಳಿಸುವುದು ಅವಳ ದಂಧೆ. ತಾನಾಗಿ ಒಂದು ಊರಿನ ಹೆಸರು ಹೇಳಿ, ಹೋಗೋಣ ಬನ್ನಿ ಅಂದದ್ದು ಇದೇ ಮೊದಲು. ಒಬ್ಬರೂ ಕಿವಿಗೊಡುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಹುನಗುಂದ, ಇಳಕಲ್ಲಿನ ಇಪ್ಪತ್ತೆರಡು ಮಂದಿಯನ್ನು ಅವಳು ಬಾಲಿಗೆ ಕರೆದೊಯ್ದಿದ್ದಳು. ತಂಡವನ್ನು ವಾಪಸ್ ವಿಮಾನ ಹತ್ತಿಸಿದ ಮೇಲೆ ಅಲ್ಲಿಯ ಏಜೆಂಟ್ ಒಬ್ಬ, ತಿಮೋರಿಗೆ ಹೊಸ ಟೂರು ಶುರು ಮಾಡುತ್ತಿದ್ದೇವೆ, ಒಂದು ಸೀಟು ಖಾಲಿ ಇದೆ, ಬಂದು ನೋಡು ಎಂದ. ಅವಳು ನಾಲ್ಕು ದಿನ ಹೋದಳು. ರಾಜಧಾನಿ ದಿಲಿಯಲ್ಲಿ ಅವಳು ಇಳಿದುಕೊಂಡದ್ದು ದೊಮಿಂಗಾಸ್ ಎಂಬ ಹೆಂಗಸು ನಡೆಸುವ ನಾಲ್ಕು ಖೋಲಿಯ ವಸತಿಗೃಹದಲ್ಲಿ. ದೊಮಿಂಗಾಸಳ ತಾಯಿ ಹಿತ್ತಲಲ್ಲಿ ನೆಲದ ಮೇಲೆ ಕುಳಿತು ಬಟ್ಟೆ ನೇಯುತ್ತಿದ್ದಳು. ಮಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಪಟ್ಟಿಯಿಂದ ಅವಳ ಸೊಂಟಕ್ಕೆ ಕಟ್ಟಿತ್ತು. ಅವಳು ಹಿಂದೆ ವಾಲಿದರೆ ಹಾಸಿನ ನೂಲು ಬಿಗಿಯುತ್ತಿತ್ತು, ಮುಂದೆ ಬಗ್ಗಿದರೆ ಸಡಿಲಾಗುತ್ತಿತ್ತು.

ಆರಿಫಾ ಆ ದಿನ ಇಳಕಲ್ ಸೀರೆ ಉಟ್ಟಿದ್ದಳು. ಮುದುಕಿ ಕೈಸನ್ನೆ ಮಾಡಿ ಅವಳನ್ನು ಹತ್ತಿರ ಕರೆದು, ಸೆರಗು ಹಿಡಿದು, ಮೊದಲು ಮಾಡಿದ್ದೇ ಅದನ್ನು ತಿರುವಿ ಒಳಮೈ ನೋಡಿದ್ದು. ಬೆರಳು ಜಾರಿಸುತ್ತ ಹೋಗಿ, ಒಡಲಿನ ನೂಲಿಗೆ ಸೆರಗಿನ ನೂಲನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿದ ಜಾಗಕ್ಕೆ ಬಂದು ನಿಲ್ಲಿಸಿದಳು. ಅದನ್ನೇ ಎಷ್ಟೋ ಹೊತ್ತು ನೋಡಿದಳು. ಅವಳ ಮಾತು ಇವಳಿಗೆ ತಿಳಿಯದು, ಇವಳ ಮಾತು ಅವಳಿಗೆ ತಿಳಿಯದು. ಬಾಲಿಯಲ್ಲಿ ಇಂಥದೇ ಸೀರೆಯುಟ್ಟು ಎಂಟು ದಿನ ತಿರುಗಿದರೂ ಯಾರೂ ಆರಿಫಾಳ ಕಡೆ ಕಣ್ಣೆತ್ತಿ ನೋಡಿರಲಿಲ್ಲ. ಅಲ್ಲಿ ಸಾವಿರ ಮಂದಿ ಪ್ರವಾಸಿಗರಲ್ಲಿ ಅವಳೂ ಒಬ್ಬಳು. ಇಲ್ಲಿ ಆ ಮುದುಕಿ ಊಟದ ಹೊತ್ತಾದರೂ ಅವಳ ಸೆರಗು ಬಿಡಲಿಲ್ಲ.

ಹೊರಡುವ ದಿನ ದೊಮಿಂಗಾಸ್ ತನಗೆ ಬರುವ ಅರೆಬರೆ ಇಂಗ್ಲಿಷಿನಲ್ಲಿ, "ಎಲ್ಲರೂ ಮತ್ತೆ ಬರುತ್ತೇವೆ ಅನ್ನುತ್ತಾರೆ," ಎಂದಳು. ದೂರಿನ ಹಾಗೇನೂ ಹೇಳಲಿಲ್ಲ. ಅದಕ್ಕೇ ಅದು ಆರಿಫಾಳ ಮನಸ್ಸಿಗೆ ನಾಟಿತು. "ನಾನು ಬರ್ತೇನಿ, ಮಂದಿನ್ನೂ ಕರಕೊಂಡು ಬರ್ತೇನಿ," ಎಂದು ಮಾತು ಕೊಟ್ಟಿದ್ದಳು.

ಕೊಟ್ಟ ಮಾತಿಗೆ ಮೂರನೆಯ ವರ್ಷ ನಡೆದಿತ್ತು. ಗುಂಪಿನ ದರದಲ್ಲಿ ಟಿಕೆಟ್ ಸಿಗಬೇಕೆಂದರೆ ಕನಿಷ್ಠ ಏಳು ಮಂದಿ ಬೇಕು. ಐದು ತಿಂಗಳು ಬಾಗಲಕೋಟೆ, ಹುನಗುಂದ, ಇಳಕಲ್ ಎಂದು ತಿರುಗಿ ಅವಳು ಏಳು ಹೆಸರು ಕೂಡಿಸಿದಳು. ಆ ದಿನ ಮಾಳಿಗೆಯಲ್ಲಿ ಎಲ್ಲರೂ ಎದ್ದು ಹೋದ ಮೇಲೆ ವಿಜಯಮಹಾಂತೇಶನ ಹೆಂಡತಿ ಪದ್ಮಶ್ರೀ ಕಪ್ಪು ಒಯ್ಯಲು ಬಂದವಳು ನಕ್ಷೆಯ ಮುಂದೆ ನಿಂತು, "ಈ ಊರಿಗೆ ನಾ ಬರ್ತೇನ್ರಿ," ಎಂದಿದ್ದಳು. ಗಂಡ ಒಲ್ಲೆ ಎನ್ನಲಾಗದೆ ತನ್ನ ಹೆಸರನ್ನೂ ಬರೆಸಿದ. ಹುನಗುಂದದಿಂದ ನಿವೃತ್ತ ಮುಖ್ಯೋಪಾಧ್ಯಾಯಿನಿ ಇಂದ್ರಾಬಾಯಿ. ಬಾಗಲಕೋಟೆಯಿಂದ ಬ್ಯಾಂಕಿನಲ್ಲಿರುವ ಇಬ್ಬರು ಅಣ್ಣತಮ್ಮಂದಿರು. ಬಾದಾಮಿಯಿಂದ ಲಾಡ್ಜ್ ನಡೆಸುವ ಯುನೂಸ ಮತ್ತು ಅವನ ಹೆಂಡತಿ ಖುಶನುಮಾ.

ಆರಿಫಾ ವಾಟ್ಸಾಪ್ ಗುಂಪು ಮಾಡಿದಳು. ಅದೇ ತಪ್ಪಾಯಿತು.

ಎರಡನೆಯ ದಿನವೇ ಬ್ಯಾಂಕಿನ ಅಣ್ಣ ಒಂದು ಮೊಸಳೆಯ ವಿಡಿಯೋ ಹಾಕಿದ. ಅಲ್ಲಿಯ ಕೆಲವು ದಂಡೆಗಳಲ್ಲಿ ಮೊಸಳೆ ಬರುವುದು ಖರೆ. ಎಲ್ಲಿ ನೀರಿಗಿಳಿಯಬೇಕು, ಎಲ್ಲಿ ಇಳಿಯಬಾರದು ಎಂದು ಊರವರಿಗೆ ಗೊತ್ತು, ನಾವು ಅವರು ಹೇಳಿದಲ್ಲೇ ಇಳಿಯುವುದು ಎಂದು ಆರಿಫಾ ಉದ್ದಕ್ಕೆ ಬರೆದಳು. ಆ ಜನ ಮೊಸಳೆಯನ್ನು ಅಜ್ಜ ಅಂತ ಕರೆಯುತ್ತಾರೆ, ತಮ್ಮ ದ್ವೀಪವೇ ಒಂದು ಮೊಸಳೆಯ ಬೆನ್ನು ಎಂದು ನಂಬುತ್ತಾರೆ ಎಂದೂ ಸೇರಿಸಿದಳು. ಅಣ್ಣತಮ್ಮಂದಿರಿಬ್ಬರೂ ಕೈಮುಗಿಯುವ ಚಿತ್ರ ಹಾಕಿ ಗುಂಪಿನಿಂದ ಹೊರಬಿದ್ದರು.

ವಾರದ ಮೇಲೆ ವಿಜಯಮಹಾಂತೇಶನ ಫೋನು.

"ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಂದೊಂದು ತಗೀರಿ."

"ಯಾಕ್ರಿ, ಏನಾತು?"

"ಏನಿಲ್ರಿ. ಮೊನ್ನೆ ಬೀಗರ ಮನ್ಯಾಗ ಮಾತು ಬಂತು, ಎಲ್ಲಿಗೆ ಹೊಂಟೀರಿ ಅಂದ್ರು. ನಾ ಹೆಸರು ಹೇಳಿದ್ನಿ. ಅವರು ಮಾರಿ ಮಾರಿ ನೋಡಿದ್ರು. ಅಷ್ಟು ಖರ್ಚು ಮಾಡಿ ಹೋಗಿ ಬಂದು, ಮತ್ತ ಅದು ಎಲ್ಲೈತಿ ಅಂತ ನಾನೇ ತಿಳಿಸಿ ಹೇಳಬೇಕಂದ್ರ ಏನು ಮಜಾ ಹೇಳ್ರಿ? ಸಿಂಗಾಪುರ ಅಂದ್ರ ಒಂದೇ ಮಾತು."

ಆರಿಫಾ ಫೋನು ಕಿವಿಗೆ ಹಿಡಿದುಕೊಂಡೇ ಕಣ್ಣು ಮುಚ್ಚಿದಳು. "ಪದ್ಮಶ್ರೀ?"

"ಆಕಿ ಬರ್ತಾಳಂತ. ಹಟ ಹಿಡದಾಳ. ಇಂದ್ರಾಬಾಯಾರು ಇರ್ತಾರಂದ್ರ ಹೋಗಲಿ ಅಂತ ನಾನೂ ಬಿಟ್ಟೇನಿ."

ಅಂದರೆ ನಾಲ್ಕು. ಗುಂಪಿನ ಟಿಕೆಟ್ ಖಾತ್ರಿ ಮಾಡಲು ಇನ್ನು ಹತ್ತು ದಿನ ಉಳಿದಿತ್ತು. ಯುನೂಸನಿಗೆ ನೆಂಟರಿಷ್ಟರು ಬಹಳ. ಅವನು ಮನಸ್ಸು ಮಾಡಿದರೆ ಮೂವರನ್ನು ಹೊಂದಿಸುವುದು ಕಷ್ಟವಲ್ಲ ಎಂದುಕೊಂಡು ಆರಿಫಾ ಅವನ ಲಾಡ್ಜಿಗೆ ಹೋದಳು.

ಯುನೂಸ ಕೌಂಟರಿನ ಹಿಂದೆ ಕುಳಿತು ಟೀವಿ ನೋಡುತ್ತಿದ್ದ. ಹಿಂದಿನ ಹಲಗೆಯ ಮೇಲೆ ಬೀಗದ ಕೈಗಳು ಸಾಲಾಗಿ ತೂಗುಬಿದ್ದಿದ್ದವು. ಅಂದರೆ ಖೋಲಿಗಳೆಲ್ಲ ಖಾಲಿ. ಅವಳನ್ನು ಕಂಡಕೂಡಲೇ ಅವನು ದಿನದ ಗೋಳು ತೆಗೆದ.

"ನೋಡಿದೇನ್ ಆರಿಫಾ, ಇವತ್ತು ಮುಂಜಾನಿ ಎರಡು ಬಸ್ ಬಂದ್ವು. ಮಂದಿ ಇಳದ್ರು, ಗುಹೆ ಹತ್ತಿ ಇಳದ್ರು, ಮಂಗ್ಯಾನ ಕೂಡ ಫೋಟೋ ಹೊಡಕೊಂಡ್ರು, ಹೋದ್ರು. ಒಂದು ತಾಸು! ರಾತ್ರಿ ವಸ್ತಿ ಹಂಪಿಗಂತ. ಹಂಪಿಯೊಳಗ ಅಂಥಾದ್ದೇನೈತಿ, ಇಲ್ಲೇನಿಲ್ಲ? ಮಂದಿಗೆ ಹೆಸರು ಬೇಕು, ಅಷ್ಟ."

"ಅದ ಮಾತಿಗೆ ಬಂದೇನಿ ಯುನೂಸಭಾಯಿ. ಮೂರು ಮಂದಿ ಬೇಕಾಗ್ಯಾರ."

ಯುನೂಸ ಟೀವಿಯ ಸದ್ದು ಕಡಿಮೆ ಮಾಡಿದ. "ನಾನೇ ನಿನಗ ಹೇಳಬೇಕಂತಿದ್ನಿ. ನಮ್ಮವೂ ಎರಡು ಕ್ಯಾನ್ಸಲ್ ಮಾಡು. ಖುಶನುಮಾ ಬಾಲಿ ಅಂತಾಳ. ಅಲ್ಲಿ ತನಕ ಹೋಗಿ ಬಾಲಿ ಬಿಟ್ಟು, ಯಾರಿಗೂ ಗೊತ್ತಿಲ್ಲದ ಊರಾಗ ಏನು ಮಾಡೂದು? ನಿನಗ ತಿಳೀತೈತಲ್ಲ."

ಆರಿಫಾ ಸಿಟ್ಟು ನುಂಗಲು ನೋಡಿದಳು. ಆಗಲಿಲ್ಲ.

"ಈಗಷ್ಟ ಏನಂದ್ರಿ ನೀವು? ಆ ಬಸ್ಸಿನ ಮಂದಿಗೆ ಏನಂದ್ರಿ?"

"ಅದು ಬ್ಯಾರೆ ಆರಿಫಾ."

"ಹೆಂಗ ಬ್ಯಾರೆ? ಇಪ್ಪತ್ತು ವರ್ಷಾತು ನಿಮ್ಮ ಬಾಯಾಗ ಇದ ಮಾತು ಕೇಳಾಕತ್ತೇನಿ. ಹೆಸರಿದ್ದಲ್ಲೇ ಹೋಗ್ತಾರ, ಹೆಸರಿದ್ದಲ್ಲೇ ಹೋಗ್ತಾರ. ನೀವೂ ಹೆಸರಿದ್ದಲ್ಲೇ ಹೊಂಟೀರಿ! ದಿಲಿಯೊಳಗ ಒಬ್ಬಾಕಿ ಅದಾಳ. ನಿಮ್ಮಂಗ ಕೌಂಟರಿನ ಹಿಂದ ಕುಂತು, ನಿಮ್ಮಂಗ ಬೀಗದ ಕೈ ನೋಡ್ಕೋತ ಇರ್ತಾಳ. ಆಕಿ ಕಡೆ ಹೋಗಾಕ ನಿಮಗ ಆಗಂಗಿಲ್ಲ ಅಂದಮ್ಯಾಲ, ನಿಮ್ಮ ಕಡೆ ಯಾರು ಬರಬೇಕು?"

ಯುನೂಸನ ಮುಖ ಕೆಂಪಾಯಿತು. "ದಂಧೆ ಮಾಡಾಕ ಬಂದಾಕಿ ದಂಧೆ ಮಾಡು. ನನಗ ಬುದ್ಧಿ ಹೇಳಬ್ಯಾಡ," ಎಂದವನೇ ಟೀವಿಯ ಸದ್ದು ಹೆಚ್ಚಿಸಿದ.

ಅವಳು ಮನೆಗೆ ಬಂದು ಚಪ್ಪಲಿಯನ್ನು ಬಿಟ್ಟದ್ದಲ್ಲ, ಎಸೆದಳು. ಅಂಗಳದ ಕಟ್ಟೆಯ ಮೇಲೆ ತಂದೆ ಮುರ್ತುಜಸಾಬ ಕುಳಿತಿದ್ದ. ಎಪ್ಪತ್ತೆರಡು ವರ್ಷ. ನಲವತ್ತು ವರ್ಷ ಬಾದಾಮಿಯ ಗುಹೆಗಳಲ್ಲಿ ಗೈಡಾಗಿದ್ದವನು. ಈಗ ಮೊಣಕಾಲು ಮೆಟ್ಟಿಲಿಗೆ ಒಪ್ಪುತ್ತಿರಲಿಲ್ಲ. ಮಗಳು ಎಲ್ಲ ಹೇಳುವವರೆಗೂ ಅವನು ಅಡಕೆ ಕತ್ತರಿಸುತ್ತಿದ್ದ.

"ಮಂದೀಗೆ ನೀ ಏನು ಹೇಳ್ತಿ? ನನಗ ಹೇಳು ನೋಡೂಣು," ಎಂದ.

ಅವಳು ಹೇಳಿದಳು. ಹವಳ, ಗುಡ್ಡ, ಕಾಫಿ, ಎರಡು ಜಿಲ್ಲೆ.

"ಥೂ," ಎಂದ ಮುರ್ತುಜಸಾಬ. "ನನ್ನ ಮಗಳಾಗಿ ಹಿಂಗ ಹೇಳ್ತೀಯಲ್ಲ! ನಾ ಗುಹೆ ಬಾಗಲಕ್ಕ ನಿಂತು, ಇದು ಇಷ್ಟು ಫೂಟು ಐತಿ, ಇಂಥಾ ರಾಜ ಕಟ್ಟಿಸಿದ ಅಂದಿದ್ರ ಒಬ್ಬರೂ ಒಳಗ ಬರ್ತಿದ್ದಿಲ್ಲ. ನೀ ಯಾಕ ತಿರುಗಿ ಹೋಗಬೇಕಂತಿ, ಅದನ್ನ ಹೇಳು."

ಆರಿಫಾ ಮುದುಕಿಯ ಕಥೆ ಹೇಳಿದಳು. ತೊಂಬತ್ತೊಂಬತ್ತರಲ್ಲಿ, ಜನ ಇಂಡೋನೇಷ್ಯಾದಿಂದ ಬಿಡುಗಡೆಗೆ ಮತ ಹಾಕಿದ ಸೇಡಿಗೆ ಊರಿಗೆ ಬೆಂಕಿ ಬಿದ್ದು ಎಲ್ಲರೂ ಗುಡ್ಡಕ್ಕೆ ಓಡಿದಾಗ ಆಕೆ ಪಾತ್ರೆ ಪಡಗ ಬಿಟ್ಟು ಮಗ್ಗದ ಕೋಲುಗಳನ್ನು ಎತ್ತಿಕೊಂಡು ಓಡಿದ್ದಳಂತೆ. ದೊಮಿಂಗಾಸ್ ಹೇಳಿದ್ದು. ಇದನ್ನು ಆರಿಫಾ ಈವರೆಗೆ ಯಾರಿಗೂ ಹೇಳಿರಲಿಲ್ಲ. ಪ್ರವಾಸಕ್ಕೆ ಕರೆಯುವಾಗ ಇಂಥ ದುಃಖದ ಮಾತು ಏಕೆ ಎಂದುಕೊಂಡಿದ್ದಳು.

ಮುರ್ತುಜಸಾಬ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದ. "ಇದನ್ನ ಇಟಗೊಂಡು ಹವಳ ಹವಳ ಅಂತ ಐದು ತಿಂಗಳು ಒದರಿದಿ," ಎಂದ. ಅವನಿಗೂ ಸಿಟ್ಟು ಬಂದಿತ್ತು. "ನನಗ ಮೊಣಕಾಲಿದ್ರ ನಾನ ಬರ್ತಿದ್ನಿ."

ಟಿಕೆಟ್ಟಿಗೆ ಉಳಿದದ್ದು ಹತ್ತೇ ದಿನ. ಆ ಹತ್ತು ದಿನದಲ್ಲಿ ಅವಳು ಅದೇ ಕಥೆ ಹೇಳಿಕೊಂಡು ಇನ್ನೂ ಎಂಟು ಮನೆ ತಿರುಗಿದಳು. ಈ ಸಲ ಜನ ನಗಲಿಲ್ಲ, ಕೇಳಿಸಿಕೊಂಡರು, ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು ಕೂಡ. ಹೆಸರು ಮಾತ್ರ ಯಾರೂ ಬರೆಸಲಿಲ್ಲ. ಕಥೆಯಿಂದಲೂ ಏನೂ ಆಗಲಿಲ್ಲವಲ್ಲ ಎಂಬುದು ಅವಳನ್ನು ಇನ್ನಷ್ಟು ಕುಗ್ಗಿಸಿತು. ಗುಂಪಿನ ಟಿಕೆಟ್ ರದ್ದಾಯಿತು. ಇಂದ್ರಾಬಾಯಿಗೂ ಪದ್ಮಶ್ರೀಗೂ ಫೋನು ಮಾಡಿ, ಪ್ರವಾಸ ಇಲ್ಲ, ಕ್ಷಮಿಸಿ ಎಂದಳು. ದೊಮಿಂಗಾಸಳಿಗೂ ಬರೆದಳು. ಅವಳಿಂದ ಉತ್ತರ ಕೂಡಲೇ ಬಂತು: ಚಿಂತೆ ಬೇಡ, ಹೀಗಾಗುತ್ತಿರುತ್ತದೆ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಆರಿಫಾಗೆ.

ಮರುದಿನ ಮುಂಜಾನೆ ಹನ್ನೊಂದಕ್ಕೆ ಇಂದ್ರಾಬಾಯಿ ಹುನಗುಂದದಿಂದ ಬಸ್ ಹಿಡಿದು ನೇರ ಆಫೀಸಿಗೆ ಬಂದರು. ಅರವತ್ತೈದರ ಹೆಂಗಸು. ಕೊರಳಲ್ಲಿ ಲಿಂಗ, ಕೈಯಲ್ಲಿ ಛತ್ರಿ. ಕುಳಿತುಕೊಳ್ಳದೆಯೇ ಕೇಳಿದರು.

"ಏಳು ಮಂದಿ ಆಗಲಿಲ್ಲಂದ್ರ ವಿಮಾನದಾಗ ಹತ್ತಿಸಿಕೊಳ್ಳಂಗಿಲ್ಲೇನು?"

"ಹತ್ತಿಸ್ಕೋತಾರ್ರಿ ಬಾಯಾರ. ದರ ಹೆಚ್ಚಾಕ್ಕೈತಿ."

"ಹಂಗಂತ ಹೇಳಬೇಕಲ್ಲ ಮತ್ತ! ಪ್ರವಾಸ ಇಲ್ಲ ಅಂದ್ರ ಏನರ್ಥ? ಮೂವತ್ತಾರು ವರ್ಷ ನಕಾಶೆ ಮ್ಯಾಲ ಕೋಲಿಟ್ಟು ದೇಶ ತೋರಿಸೇನಿ ನಾನು. ಒಂದನ್ನಾದರೂ ಕಣ್ಣಲೇ ನೋಡೇನೇನು? ನಾ ಆ ಊರಿನ ಬಗ್ಗೆ ಓದಿಕೊಂಡೇನಿ, ಆ ಮಂದೀ ಮಾತು ನಾಲ್ಕು ಕಲಿತೇನಿ. ಒಬ್ರು ಬಿಟ್ರು, ಇನ್ನೊಬ್ರು ಬಿಟ್ರು, ಕಡೀಕೆ ನೀನೂ ಬಿಟ್ಟಿ."

"ಮೂರ ಮಂದಿ ಆಕ್ಕೇವ್ರಿ."

"ಮೂರು ಮಂದಿ ಮಂದಿ ಅಲ್ಲೇನು?"

ಆರಿಫಾ ಕಂಪ್ಯೂಟರ್ ಹಚ್ಚಿದಳು. ತನ್ನ ಕೂಲಿ ಬಿಟ್ಟುಕೊಟ್ಟು, ಮೂವರ ಟಿಕೆಟ್ ತೆಗೆದಳು. ಬಾಲಿಯಲ್ಲಿ ಒಂದು ರಾತ್ರಿ, ತಿಮೋರಿನಲ್ಲಿ ಐದು ದಿನ.

ಆದರೆ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಬಾಲಿಗೆ ಇಳಿದ ಮರುದಿನ ವಿಮಾನ ನಿಲ್ದಾಣದ ಹಲಗೆಯ ಮೇಲೆ ದಿಲಿಯ ಹೆಸರಿನ ಮುಂದೆ ರದ್ದು ಎಂದು ಬಂತು. ದಾರಿಯಲ್ಲಿನ ದ್ವೀಪವೊಂದರಲ್ಲಿ ಜ್ವಾಲಾಮುಖಿ ಉಗುಳಿದ ಬೂದಿ ಆಕಾಶ ತುಂಬಿತ್ತು. ನಾಳೆ ಬನ್ನಿ ಎಂದರು. ನಾಳೆಯೂ ರದ್ದು. ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಹೋಗಿ ಮಧ್ಯಾಹ್ನ ಎರಡರವರೆಗೆ ಕುಳಿತದ್ದಾಯಿತು. ಮತ್ತೆ ರದ್ದು. ಪ್ರತಿ ದಿನವೂ ದೊಮಿಂಗಾಸ್ ಅಲ್ಲಿ ನಿಲ್ದಾಣಕ್ಕೆ ಬಂದು, ಕಾದು, ಹೋಗುತ್ತಿದ್ದಳು.

ವಿಜಯಮಹಾಂತೇಶ ಹೆಂಡತಿಗೆ ಫೋನು ಮಾಡಿದ. ಮಾತು ಪಕ್ಕದಲ್ಲಿದ್ದ ಆರಿಫಾಗೂ ಕೇಳುತ್ತಿತ್ತು. "ಆ ದೇವರೇ ಬಾಲಿ ನೋಡ್ರಿ ಅನ್ನಾಕತ್ತಾನ. ಇನ್ನೂ ಹಟ ಯಾಕ? ಚಂದಾಗಿ ತಿರುಗ್ಯಾಡಿ ಬರ್ರಿ."

ಹೊರಗೆ ನಿಜಕ್ಕೂ ಬಾಲಿ ಇತ್ತು. ಟ್ಯಾಕ್ಸಿ ಹಿಡಿದರೆ ಅರ್ಧ ತಾಸಿನಲ್ಲಿ ಸಮುದ್ರ, ಗುಡಿ, ಅಂಗಡಿ. ಆರಿಫಾಳ ಧೈರ್ಯ ಮುಗಿದಿತ್ತು. "ಬಾಯಾರ, ನಿಮ್ಮ ರೊಕ್ಕ, ನಿಮ್ಮ ದಿನ. ಇಲ್ಲೇ ಇರೂಣಂದ್ರ ನಾ ಎಲ್ಲಾ ವ್ಯವಸ್ಥಾ ಮಾಡ್ತೇನಿ. ನನ್ನ ಮಾತಿಗೆ ಕಟ್ಟುಬೀಳಬ್ಯಾಡ್ರಿ," ಎಂದಳು. ಇಷ್ಟು ದೂರ ಬಂದು ತಾನೂ ಯುನೂಸನ ಮಾತನ್ನೇ ಆಡುತ್ತಿದ್ದೇನೆ ಎಂದು ನಾಚಿಕೆಯಾಯಿತು.

ಇಂದ್ರಾಬಾಯಿ ಚೀಲದಿಂದ ಖಟಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಮೂವರಿಗೂ ಹಂಚಿದರು. "ಉಣ್ಣು ಮೊದಲು. ನಾಳಿನ ವಿಮಾನ ಎಷ್ಟಕ್ಕ?" ಎಂದರು.

ನಾಲ್ಕನೆಯ ದಿನ ವಿಮಾನ ಹಾರಿತು. ವಾಪಸ್ ಟಿಕೆಟ್ ಮುಂದೆ ಹಾಕಲು ಬರುತ್ತಿರಲಿಲ್ಲ. ಐದು ದಿನದಲ್ಲಿ ಉಳಿದದ್ದು ಒಂದೂವರೆ ದಿನ.

ಗುಡ್ಡ ಹತ್ತಲು ಹೊತ್ತಿರಲಿಲ್ಲ. ಹವಳದ ದ್ವೀಪದ ದೋಣಿ ಆಗಲೇ ಹೋಗಿತ್ತು. ದೊಮಿಂಗಾಸಳ ತಾಯಿ ದೊಡ್ಡ ಮಗನ ಊರಿಗೆ ಹೋಗಿದ್ದಳು. ಮೂರು ದಿನ ಕಾದು, ನಿನ್ನೆಯಷ್ಟೇ. ಇದನ್ನು ಕೇಳಿ ಆರಿಫಾ ವಸತಿಗೃಹದ ಮೆಟ್ಟಿಲ ಮೇಲೆ ಕುಳಿತು ತಲೆಗೆ ಕೈ ಹಚ್ಚಿದಳು. ತೋರಿಸಬೇಕೆಂದುಕೊಂಡ ಒಂದನ್ನೂ ತೋರಿಸಲು ಆಗಲಿಲ್ಲ.

ಆ ಹೊತ್ತಿಗೆ ಇಂದ್ರಾಬಾಯಿ ಪಕ್ಕದ ಮನೆಯ ಜಗುಲಿಯಲ್ಲಿದ್ದರು. ಕಲಿತ ನಾಲ್ಕು ಮಾತುಗಳಲ್ಲಿ ಮೂರು ತಪ್ಪು ಹೇಳಿದ್ದರಿಂದ ಅಲ್ಲಿಯ ಹೆಂಗಸರು ಬಿದ್ದು ಬಿದ್ದು ನಗುತ್ತ, ಅವರನ್ನು ಕೂರಿಸಿ, ಒಂದೊಂದೇ ಮಾತು ತಿದ್ದಿ ಹೇಳಿಕೊಡುತ್ತಿದ್ದರು. ಮೂವತ್ತಾರು ವರ್ಷ ಕಲಿಸಿದವರು ಗಟ್ಟಿ ದನಿಯಲ್ಲಿ ಕಲಿಯುತ್ತಿದ್ದರು. ಸಂಜೆ ದೊಮಿಂಗಾಸ್ ಎಲ್ಲರನ್ನೂ ಊರ ಹೊರಗಿನ, ಮೊಸಳೆ ಬಾರದ ಸಮುದ್ರ ದಂಡೆಗೆ ಕರೆದೊಯ್ದಳು. ಪದ್ಮಶ್ರೀ ಹುಟ್ಟಿದಾಗಿನಿಂದ ಸಮುದ್ರ ನೋಡಿದವಳಲ್ಲ. ಬಾಲಿಯಲ್ಲಿ ವಿಮಾನದ ಕಿಟಕಿಯಿಂದ ಕಂಡದ್ದಷ್ಟೇ. ಮೊಣಕಾಲ ತನಕ ಹೋಗಿ ನಿಂತಳು. ಆಮೇಲೆ ಚೂಡಿದಾರದಲ್ಲೇ ನೀರೊಳಗೆ ಕುಳಿತುಬಿಟ್ಟಳು. ಅರ್ಧ ತಾಸಾಯಿತು, ಒಂದು ತಾಸಾಯಿತು. ದಂಡೆಯಲ್ಲಿ ಮೀನು ಸುಡುತ್ತಿದ್ದವರು, ಇಬ್ಬರು ಮುದುಕರು, ಒಂದು ನಾಯಿ ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಯಾರೂ ಅವಳನ್ನು ನೋಡಲಿಲ್ಲ, ಏಳು ಎನ್ನಲಿಲ್ಲ.

ಆರಿಫಾ ಮತ್ತೆ ಮತ್ತೆ ಗಡಿಯಾರ ನೋಡಿಕೊಳ್ಳುತ್ತಿದ್ದಳು. "ಪದ್ಮಶ್ರೀ, ಮಾರ್ಕೆಟ್ ಮುಚ್ಚತೈತಿ. ಬಟ್ಟಿ ನೋಡೂದು ಬ್ಯಾಡೇನು?"

"ನೀವು ಹೋಗಿ ಬರ್ರಿ ಅಕ್ಕಾರ," ಎಂದಳು ಪದ್ಮಶ್ರೀ, ತಿರುಗದೆಯೇ. "ನಾ ಇಲ್ಲೇ ಇರ್ತೇನಿ."

ಮಾರ್ಕೆಟ್ಟಿಗೆ ಯಾರೂ ಹೋಗಲಿಲ್ಲ.

ಊರಿಗೆ ಮರಳಿದ ಮೇಲೆ ಆರಿಫಾ ಆಫೀಸಿನ ಗೋಡೆಯ ನಕ್ಷೆ ತೆಗೆದು ಮಡಚಿಟ್ಟಳು. ಮುಂದಿನ ತಿಂಗಳ ಉಮ್ರಾ ಕಾಗದಪತ್ರ ಬಾಕಿ ಇದ್ದವು. ಯುನೂಸ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದ. ಈ ನಡುವೆ ಬಾಲಿಗೆ ಹೋಗಿಬಂದ ಖುಶನುಮಾಳ ಫೋಟೋಗಳಿಗೆ ಬಾದಾಮಿಯೆಲ್ಲ ಫೋನಿನಲ್ಲಿ ಮೆಚ್ಚುಗೆ ಒತ್ತಿತ್ತು.

ಒಂದು ಸೋಮವಾರ ಮಧ್ಯಾಹ್ನ ಪದ್ಮಶ್ರೀಯ ಫೋನು ಬಂತು. ಹಿಂದೆ ಅಂಗಡಿಯ ಗದ್ದಲ.

"ಅಕ್ಕಾರ, ಈ ಮಂದಿಗೆ ಏನಾಗೇತ್ರಿ? ಎರಡು ವಾರಾತು ಹೇಳಾಕತ್ತೇನಿ. ಗಿರಾಕಿಗೆ ಹೇಳೀನಿ, ಓಣ್ಯಾಗ ಹೇಳೀನಿ, ನಮ್ಮ ತವರಮನ್ಯಾಗ ಹೇಳೀನಿ. ಒಬ್ರೂ ಕೇಳವಲ್ರು! ಆಫ್ರಿಕಾನ ಅಂತಾರ್ರಿ! ಇವತ್ತು ಒಬ್ಬಾಕಿ ಕೂಡ ಜಗಳಾನ ಆತು. ಸೀರಿ ತಗೊಳ್ಳದ ಎದ್ದು ಹೋದ್ಳು. ನಮ್ಮನಿಯವರು ಬೈಯಾಕತ್ತಾರ."

ಆರಿಫಾಗೆ ನಗು ಬಂತು. ತಡೆಯಲು ಹೋಗಿ ಕೆಮ್ಮಿದಳು.

"ನಗಬ್ಯಾಡ್ರಿ ಅಕ್ಕಾರ! ನನಗ ತಲಿ ಕೆಟ್ಟ ಹೋಗೇತಿ. ಅವರಿಗೆ ಹೆಂಗ ತಿಳಿಸಿ ಹೇಳಬೇಕು, ನೀವ ಹೇಳ್ರಿ."

"ನನಗೂ ತಿಳಿದಿಲ್ಲವ್ವಾ," ಎಂದಳು ಆರಿಫಾ. "ನೀ ಏನಂತ ಹೇಳ್ತಿ? ನನಗ ಹೇಳು, ಕೇಳ್ತೇನಿ."

ಪದ್ಮಶ್ರೀ ಆ ಸಂಜೆಯ ನೀರಿನ ಬಗ್ಗೆ ಹೇಳತೊಡಗಿದಳು. ಆರಿಫಾ ಉಮ್ರಾದ ಕಾಗದಗಳನ್ನು ಬದಿಗೆ ಸರಿಸಿ, ಕುರ್ಚಿಗೆ ಒರಗಿ ಕೇಳುತ್ತ ಕುಳಿತಳು.